ತರ್ಕದ ತರಗತಿಗೊಂದು ಕೋಣೆ

"ಮೇಷ್ಟ್ರ ಸಹಿ ತಂದ್ರೆ ಕೋಣೆ ಕೊಡ್ತೀನಿ ಅಂದೆನಲ್ಲಮ್ಮಾ. ನೀನು ಹತ್ತು ಸಲ ಬಂದು ನಿಂತ್ಕೊಂಡ್ರೆ ಕೋಣೆ ಏನು ಮರಿ ಹಾಕುತ್ತಾ?" ಎಂದರು ವಿಶ್ವವಿದ್ಯಾಲಯದ ಕಚೇರಿಯ ಮೇಡಂ, ಕಿಟಕಿಯ ಆಚೆಯಿಂದ.

"ಹುಡುಗ್ರು ಸೇರಿದ್ರೆ ಸಹಿ ಹಾಕ್ತೀನಿ ಅಂತಾರೆ ಮೇಷ್ಟ್ರು. ವೇಳಾಪಟ್ಟೀಲಿ ಕೋಣೆ ಕಂಡ್ರೆ ಸೇರ್ತೀವಿ ಅಂತಾರೆ ಹುಡುಗ್ರು. ನೀವು ನೋಡಿದ್ರೆ..."

"ಹುಚ್ಚು ಬಿಡೋವರ್ಗೂ ಮದ್ವೆ ಆಗಲ್ಲ, ಮದ್ವೆ ಆಗೋವರ್ಗೂ ಹುಚ್ಚು ಬಿಡಲ್ಲ!" ಮೇಡಂ ಮನಸಾರೆ ನಕ್ಕರು. ನಕ್ಕಿದ್ದಷ್ಟೇ, ಬೀಗದ ಕೈ ಮೊಳೆಯಿಂದ ಇಳಿಯಲಿಲ್ಲ. "ಇವತ್ತೇ ಕೊನೆ. ಸಂಜೆ ಕಿಟಕಿ ಮುಚ್ಚಿದ್ಮೇಲೆ ನನ್ನನ್ನ ಕೇಳ್ಬೇಡ."

ಹುಡುಗಿಯ ಮುಖ್ಯ ವಿಷಯ ವಾಣಿಜ್ಯ. ಜೊತೆಗೆ ಆರಿಸಿಕೊಂಡ ಉಪವಿಷಯ ತರ್ಕಶಾಸ್ತ್ರ. ಅದರಲ್ಲಿ ಇನ್ನೊಂದೇ ಪತ್ರಿಕೆ ಬಾಕಿ. ಈ ಸಲ ತರಗತಿ ನಡೆಯದಿದ್ದರೆ ಪದವಿಪತ್ರದಲ್ಲಿ ತರ್ಕದ ಹೆಸರೇ ಇರುವುದಿಲ್ಲ. ಇಷ್ಟು ದಿನ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮನೆಯಲ್ಲಿ ಚಿಕ್ಕಪ್ಪ ಮೊದಲೇ ಹೇಳಿದ್ದ: "ಎದುರು ಮಾತಾಡೋದು ನಿಂಗೆ ಹುಟ್ಟಿದಾಗಿಂದ ಬರುತ್ತೆ ಕಣೇ. ಅದಕ್ಕೂ ಫೀಸ್ ಕಟ್ಬೇಕಾ?"

ದಡದಡನೆ ಮೆಟ್ಟಿಲು ಹತ್ತಿ ಮೇಷ್ಟ್ರ ಕೋಣೆಗೆ ನುಗ್ಗಿದಳು. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ಬಂದಿದ್ದಳು.

"ಕೋಣೆ ಸಿಕ್ತು ಸರ್."

"ಹೌದಾ? ಭೇಷ್!" ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟು, ಜೇಬಿನಿಂದ ನೀಲಿ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. "ಎಲ್ಲಿ?"

ಅವಳು ಕೈಯಲ್ಲಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. "ಸಿಕ್ಕಿಲ್ಲ ಸರ್. ನೀವು ಸಹಿ ಹಾಕಿದ್ರೆ ಸಿಗುತ್ತೆ."

ಮುಚ್ಚಳ ಮತ್ತೆ ಪೆನ್ನಿನ ತಲೆಗೇರಿತು. "ಹಾಗಂದ್ರೆ ಸಿಕ್ಕಿಲ್ಲ."

"ನಿಮ್ಮ ಪಾಠಾನೇ ಅಲ್ವಾ ಸರ್?" ಅವಳ ದನಿ ಏರಿತು. "ಷರತ್ತುಗಳನ್ನ ಎಷ್ಟು ಪೋಣಿಸಿದ್ರೂ ಅಷ್ಟೇ, ಒಂದಾದ್ರೂ ನಡೆದ ಸಂಗತಿ ಬೇಕು, ಇಲ್ದಿದ್ರೆ ತೀರ್ಮಾನ ಹುಟ್ಟಲ್ಲ ಅಂತ ಬೋರ್ಡ್ ಮೇಲೆ ಬರೆದವ್ರು ಯಾರು? ಬೆಳಗ್ಗೆಯಿಂದ ಮೇಲೆ ಕೆಳಗೆ ಓಡಾಡ್ತಿದ್ದೀನಿ, ಎಲ್ಲರ ಹತ್ರಾನೂ ಬರೀ ಷರತ್ತು!"

"ಪೂರ್ತಿ ಅಂಕ ಕೊಟ್ಟೆ ಹೋಗು."

"ಅಂಕ ಬೇಡ ಸರ್. ಸಹಿ ಬೇಕು."

ಮೇಷ್ಟ್ರು ನಗಲಿಲ್ಲ. "ಹೋದ್ವರ್ಷ ಇದೇ ಪತ್ರಿಕೆಗೆ ನಂಬಿ ಸಹಿ ಹಾಕ್ದೆ ಮಗಾ. ಒಬ್ರೂ ಬರಲಿಲ್ಲ. ಖಾಲಿ ಬೆಂಚುಗಳಿಗೆ ನಮಸ್ಕಾರ ಹೇಳಿ, ಬೋರ್ಡ್ ಒರೆಸಿ ಬರ್ತಿದ್ದೆ. ಇನ್ನೊಂದ್ಸಲ ಆಗಲ್ಲ ನನ್ನ ಕೈಲಿ."

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಬಾಗಿಲ ಕಡೆ ತಿರುಗಿದಳು. ಮತ್ತೇನೋ ತೋಚಿ ವಾಪಸ್ ಬಂದು, ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕದ ರಾಶಿಯನ್ನು ನೆಲಕ್ಕಿಳಿಸಿ, ಚೀಲದಿಂದ ಪಠ್ಯಪುಸ್ತಕ ತೆಗೆದು ಬಿಚ್ಚಿಕೊಂಡು ಕೂತಳು.

"ಒಬ್ಬಳು ಬಂದಿದ್ದೀನಿ ಸರ್. ಇದು ಷರತ್ತಲ್ಲ."

ಕೆಳಗೆ ಕಚೇರಿಯ ಕಿಟಕಿ ಎಳೆದು ಮುಚ್ಚುವ ಕಿರ್ರೆಂಬ ಸದ್ದು. ಮೇಷ್ಟ್ರು ಕನ್ನಡಕ ಕೆಳಗಿಳಿಸಿದರು, ಕೈಚಾಚಿ ಅವಳ ಅರ್ಜಿ ಎಳೆದುಕೊಂಡರು, ನೀಲಿ ಪೆನ್ನನ್ನು ಕಾಗದಕ್ಕೆ ಒತ್ತಿದರು. ಪೆನ್ನು ಬರೆಯಲಿಲ್ಲ. ಕೊಡವಿದರು, ಆಗಲೂ ಬರೆಯಲಿಲ್ಲ. ಅಷ್ಟರಲ್ಲಿ ಅವಳು ಎದ್ದು ನಿಂತು ತನ್ನ ಪೆನ್ನು ಚಾಚಿದ್ದಳು, ಮುಚ್ಚಳ ಹಲ್ಲಿನಲ್ಲಿತ್ತು.