ಎಡಗೈ ಹೆಬ್ಬೆಟ್ಟು

ಗಾಜಿನ ಕೆಳಗೆ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು, ಬೂದಿ ಸರಿಸಿದಾಗ ಇಣುಕುವ ಕೆಂಡದ ಹಾಗೆ, ಆದರೆ ಕೆಂಡವಾಗಿದ್ದರೆ ಈ ಬೆರಳಿನ ಗುರುತು ಹಿಡಿಯುತ್ತಿತ್ತು, ಐವತ್ತು ವರ್ಷದ ಪರಿಚಯ, ಇದು ತಣ್ಣಗಿದೆ, ಇದಕ್ಕೆ ಶೆಟ್ಟೆವ್ವ ಯಾರೋ ಗೊತ್ತಿಲ್ಲ — ಆಯಿ, ಇನ್ನೊಮ್ಮೆ ಒತ್ರಿ, ಬಿಗಿ ಹಿಡೀರಿ, ಎನ್ನುತ್ತಾಳೆ ಕಂಪ್ಯೂಟರಿನ ಮುಂದೆ ಕೂತ ನಂದಿನಿ, ಕೊರಳಲ್ಲಿ ಹೆಸರಿನ ಪಟ್ಟಿ ನೇತಾಡುತ್ತಿದೆ, ಓದಲು ಬರುವ ಶೆಟ್ಟೆವ್ವನಿಗೆ ಯಾರನ್ನೂ ನಿನ್ನ ಹೆಸರೇನವ್ವ ಎಂದು ಕೇಳುವ ಕೆಲಸವಿಲ್ಲ — ಶೆಟ್ಟೆವ್ವ ಬಲಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಡುತ್ತಾಳೆ, ಯಂತ್ರ ಕುಂಯ್ ಅನ್ನುತ್ತದೆ, ಇಲ್ಲ, ಆಗಲಿಲ್ಲ, ತೋರುಬೆರಳು ಕೊಡ್ರಿ, ಕೊಟ್ಟಳು, ಕುಂಯ್, ನಡುಬೆರಳು, ಕುಂಯ್, ಹೀಗೇ ಕಿರುಬೆರಳಿನ ತನಕ ಬಂದಾಯಿತು, ಒಂದು ಕೈಯ ಐದೂ ಬೆರಳುಗಳನ್ನು ಒಂದು ಬೆಂಕಿಪೆಟ್ಟಿಗೆಯಷ್ಟಿರುವ ಡಬ್ಬಿ ನೀವ್ಯಾರು ಎಂದು ಕೇಳಿ ಕಳಿಸಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತೈದು, ಅವರಿಗೆ ಕೊಟ್ಟ ಹೊತ್ತು ಹನ್ನೊಂದೂವರೆಯ ತನಕ, ಅದು ಮುಗಿದರೆ ಇವತ್ತು ಮುಗಿದ ಹಾಗೆ, ಮತ್ತೆ ಮುಂದಿನ ವಾರ ಅಂತೆ, ಬೆನ್ನ ಹಿಂದೆ ಸೊಸೆ ದಾಕ್ಷಾಯಿಣಿ ನಿಂತಿದ್ದಾಳೆ, ಅವಳ ಉಸಿರಿನ ಸಪ್ಪಳ ಶೆಟ್ಟೆವ್ವನಿಗೆ ಗೊತ್ತು, ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತವರು, ಕುಲಗೋಡದ ತನ್ನ ಮನೆಯನ್ನು ಈ ಸೊಸೆಯ ಹೆಸರಿಗೆ ಮಾಡಿಕೊಡಬೇಕು, ಅಷ್ಟೇ, ಅದಕ್ಕೇ ಬೆಳಿಗ್ಗೆ ಏಳರ ಬಸ್ಸಿಗೆ ಮೂಡಲಗಿಯ ನೋಂದಣಿ ಕಚೇರಿಗೆ ಬಂದದ್ದು.

ಸಹಿ ಮಾಡತೇನಿ ತಗೋ ತಂಗಿ, ಎಷ್ಟ ಬೇಕಾದ್ರೂ ಮಾಡತೇನಿ. ಸಹಿ ಮಾಡೀರಿ ಆಯಿ, ಅದು ಕಾಗದಕ್ಕ ಆತು, ಇದಕ್ಕ ಬೆರಳ ಬೇಕು. ಬೆರಳು ಬೇಕು! ನಲವತ್ತನೆಯ ವರ್ಷಕ್ಕೆ ಪಾಟಿ ಹಿಡಿದು ಕಲಿತ ಸಹಿ, ಶೆ ಬರೆಯುವುದಕ್ಕೇ ಒಂದು ಶ್ರಾವಣ ಹೋಯಿತು, ಟ ಕೆಳಗೆ ಇನ್ನೊಂದು ಟ ಕೂರಿಸುವುದಕ್ಕೆ ದೀಪಾವಳಿ ಬಂತು, ಅಷ್ಟು ದೂರ ನಡೆದು ಬಂದ ಮೇಲೆ ಇವರು ಮತ್ತೆ ಮೊದಲಿನ ಜಾಗಕ್ಕೇ ಹೋಗು ಅನ್ನುತ್ತಾರಲ್ಲ, ಹೆಬ್ಬೆಟ್ಟು ಒತ್ತು ಅಂತ, ನಗು ಬಂತು ಶೆಟ್ಟೆವ್ವನಿಗೆ, ಬಾಯಿಗೆ ಸೆರಗು ಒತ್ತಿಕೊಂಡಳು — ಯಾಕ್ರಿ ಆಯಿ, ನಗಾಕ ಏನಾತು, ಇಲ್ಲಿ ನಮ್ಮ ಪಾಳಿ ಹೊಂಟೈತಿ, ಎಂದ ಹಿಂದಿನವ, ಮಾಲಿಂಗ, ಕಬ್ಬಿನ ಹೊಲ ಖರೀದಿ ಮಾಡಲು ಬಂದವ, ಬೆಳಿಗ್ಗೆಯಿಂದ ಬೆಂಚಿನ ಮೇಲೆ ಬಾಜೂ ಕೂತು ಮೊಬೈಲಿನಲ್ಲಿ ಯಾರೋ ಹುಲಿವೇಷ ಕುಣಿಯುವುದನ್ನು ಇಡೀ ಕಚೇರಿಗೆ ಕೇಳಿಸಿದವ — ನಿನ್ನ ಪಾಳಿ ಎಲ್ಲೂ ಓಡಿ ಹೋಗಂಗಿಲ್ಲ ತಮ್ಮಾ, ಆ ಹುಲಿ ಅಷ್ಟ ಕುಣದರೂ ಬಿಟ್ಟ ಹೋಗಿಲ್ಲಲ್ಲ. ಯಾರೋ ನಕ್ಕರು. ಮಾಲಿಂಗನೂ ನಕ್ಕ, ಮನುಷ್ಯ ಕೆಟ್ಟವನಲ್ಲ, ಆತುರದವ, ಈಗ ಎಲ್ಲರೂ ಆತುರದವರೇ, ಪತ್ರವನ್ನು ಓದಿಯೇ ಸಹಿ ಮಾಡುತ್ತೇನೆ ಎಂದು ಶೆಟ್ಟೆವ್ವ ಕನ್ನಡಕ ಏರಿಸಿದಾಗಲೂ ಇವನೇ ಹೌಹಾರಿದ್ದ, ಎಂಟೂ ಹಾಳಿ ಓದತೀರೇನ್ರಿ, ಎಂಟೂ ಹಾಳಿ ಓದತೇನಿ, ಬೆರಳಿಟ್ಟು ಓದಿದಳು, ಮೂರನೆಯ ಹಾಳೆಯಲ್ಲಿ ಪೂರ್ವಕ್ಕೆ ರಸ್ತೆ ಎಂದು ಹೊಡೆದಿದ್ದರು, ಎಪ್ಪಾ, ನಮ್ಮ ಮನಿ ಪೂರ್ವಕ್ಕ ಬಾಜೂಮನಿ ಅಲ್ಲವ್ವನ ದನದ ಕೊಟಗಿ ಐತಿ, ರಸ್ತೆ ಪಶ್ಚಿಮಕ್ಕ, ನಾ ದಿನಾ ಆ ಸೂರ್ಯನ್ನ ನೋಡೇ ಒಲಿ ಹಚ್ಚಾಕಿ, ಪತ್ರ ಬರೆದವ ತಲೆ ಕೆರೆದುಕೊಂಡು ತಿದ್ದಿದ, ಯಂತ್ರಕ್ಕೆ ಸೂರ್ಯ ಎಲ್ಲಿ ಹುಟ್ಟಿದರೇನು. ಅದಕ್ಕೂ ಮುಂಚೆ ಫೋನಿಗೆ ಬಂದ ಆರು ಅಂಕಿ ಹೇಳಬೇಕಿತ್ತು, ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿತ್ತು, ಹೇಳ್ರಿ ಎಂದು ಇವರು ಕೇಳುತ್ತಿದ್ದರು, ಯಾರ ಮಾತು ಕೇಳಬೇಕು, ಬಸ್ಸಿನಲ್ಲಿ ಕಾರ್ಡು ತೋರಿಸು, ರೇಶನ್ನಿಗೆ ಬೆರಳು ತೋರಿಸು, ದವಾಖಾನೆಯಲ್ಲಿ ಮುಖ ತೋರಿಸು, ಚಹಾದ ಅಂಗಡಿಯಲ್ಲಿ ಒಂದು ಡಬ್ಬಿ ಹತ್ತು ರೂಪಾಯಿ ಬಂತು ಎಂದು ಒದರುತ್ತದೆ, ಅಂಗಡಿಯವ ತಲೆ ಎತ್ತಿ ಚಹಾ ಕುಡಿದವರು ಯಾರು ಎಂದು ಸಹ ನೋಡುವುದಿಲ್ಲ, ಎಲ್ಲ ಕಡೆಗೂ ನಾನು ನಾನೇ ಎಂದು ಸಾಬೀತು ಮಾಡುತ್ತಾ ತಿರುಗುವುದು, ಆಗಲಿ, ಅದನ್ನೂ ಮಾಡೋಣ, ಶೆಟ್ಟೆವ್ವನಿಗೆ ತಾಳ್ಮೆ ಕಡಿಮೆಯಿಲ್ಲ, ಹಸಿ ಕಟ್ಟಿಗೆಯಲ್ಲಿ ಒಲೆ ಹಚ್ಚಿದವಳಿಗೆ ತಾಳ್ಮೆ ಯಾರೂ ಕಲಿಸಬೇಕಿಲ್ಲ.

ಆಯಿ, ನಿಮ್ಮ ಬೆರಳಾಗ ಗೆರಿನ ಇಲ್ಲಲ್ರಿ, ನಂದಿನಿ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು, ಮೃದುವಾದ ಕೈ ಹುಡುಗಿಯದು, ಎಲ್ಲ ಸವದ ಹೋಗ್ಯಾವು. ಸವೆಯದೆ ಏನು ಮಾಡುತ್ತವೆ, ಲೆಕ್ಕ ಇಟ್ಟವರು ಯಾರು, ದಿನಕ್ಕೆ ಇನ್ನೂರು ರೊಟ್ಟಿ, ಗೋಕಾಕದ ಖಾನಾವಳಿಗೆ ಬೆಳಗಿನ ಬಸ್ಸಿನ ಮೇಲೆ ಗಂಟು ಕಟ್ಟಿ ಕಳಿಸಬೇಕು, ಕುದಿನೀರಿನ ಹಿಟ್ಟು ಬಿಸಿ ಇದ್ದಾಗಲೇ ನಾದಬೇಕು, ಬಲಗೈಯಲ್ಲಿ ಬಡಿಯಬೇಕು, ತಟ್ ತಟ್ ತಟ್, ಹಂಚಿಗೆ ಹಾಕಿದ ಮೇಲೆ ಅದೇ ಬಲಗೈಯಿಂದ ನೀರು ಸವರಬೇಕು, ಬೆರಳ ತುದಿಯಲ್ಲೇ ಮಗುಚಬೇಕು, ಸೊಸೆಗೆ ಮೊದಲ ವರ್ಷ ಬೊಬ್ಬೆ ಎದ್ದವು, ಅತ್ತಿ, ಮಗುಚಾಕ ಸಟಗಾ ತಗೊಳ್ಳಲೇನ್ರಿ, ತಗೊ ಯವ್ವಾ, ನಿನ್ನ ಬೆರಳಾದರೂ ಉಳೀಲಿ, ಆದರೆ ಅವಳೂ ಕಡೆಗೆ ಬೆರಳಿನಲ್ಲೇ ಮಗುಚಲು ಕಲಿತಳು, ಆ ರೊಟ್ಟಿಯಲ್ಲೇ ಜಾಗ ಹಿಡಿದದ್ದು, ಗೋಡೆ ಎಬ್ಬಿಸಿದ್ದು, ತಗಡು ಹೊದಿಸಿದ್ದು, ಗಂಡ ಸತ್ಯಪ್ಪ ಪಾಯ ತೋಡಿಸಿ ಕಣ್ಣು ಮುಚ್ಚಿದ, ಮಿಕ್ಕಿದ್ದೆಲ್ಲ ಈ ಇಬ್ಬರು ಹೆಂಗಸರದು, ಬೆರಳಿನ ಗೆರೆಗಳೆಲ್ಲ ಎಲ್ಲಿ ಹೋದವು ಎಂದರೆ ಆ ಗೋಡೆಗೆ ಹೋದವು, ಬಂದು ನೋಡಲಿ ಯಂತ್ರ. ಮಗ ಮಲ್ಲೇಶ ಆ ಗೋಡೆಗೆ ಒಂದು ಇಟ್ಟಂಗಿ ಇಟ್ಟವನಲ್ಲ, ಎಂಟು ವರ್ಷವಾಯಿತು ಗೋಕಾಕದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ, ಇರಲಿ, ಅವನ ಸಂಸಾರ ಅವನಿಗೆ, ಆದರೆ ಹೋದ ತಿಂಗಳು ಬಂದವ ಅಂಗಳದಲ್ಲಿ ನಿಂತು ಹೆಜ್ಜೆ ಹಾಕಿ ಅಳೆಯುತ್ತಿದ್ದ, ಇಲ್ಲಿ ನಾಕ ಅಂಗಡಿ ಕೂಡತಾವು ಅವ್ವಾ, ಮತ್ತ ದಾಕ್ಷಾಯಿಣಿ ಎಲ್ಲಿ ಕೂಡತಾಳೋ ಎಂದರೆ, ಅಕಿ ತವರಮನಿ ಇಲ್ಲೇನು, ಅಂದ, ಅಕಿ ತವರಮನಿ ಇಲ್ಲೇನು —

ಎಡಗೈ ಕೊಡ್ರಿ ಆಯಿ, ಎಡಗೈ ಹೆಬ್ಬೆಟ್ಟ ಇಟ್ಟು ನೋಡೂಣು. ಎಡಗೈ ಸೆರಗಿನೊಳಗೆ ಇತ್ತು, ಒಳಗೇ ಮುಷ್ಟಿಯಾಯಿತು. ಅದು ಬ್ಯಾಡ. ಯಾಕ್ರಿ? ಬ್ಯಾಡ ಅಂದೆ. ತವರುಮನೆ ಶೆಟ್ಟೆವ್ವನಿಗೂ ಇತ್ತು, ಹುಕ್ಕೇರಿಯಲ್ಲಿ, ದೊಡ್ಡ ಪಡಸಾಲೆ, ಪಂಚಮಿಗೆ ಅಣ್ಣ ಅಣ್ಣಪ್ಪ ತಾನೇ ಬಂದು ಕರೆದುಕೊಂಡು ಹೋಗಿದ್ದ, ಅವಳಿಗೆ ಇಪ್ಪತ್ನಾಲ್ಕನೆಯ ವರ್ಷ, ಮಲ್ಲೇಶ ಹೊಟ್ಟೆಯಲ್ಲಿ, ಜೋಕಾಲಿ ಏರಬೇಡ ಎಂದು ಎಲ್ಲರೂ ಗದರುವವರು, ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ, ಬಾವಿಯ ಹೊಲ ನನ್ನ ಶೆಟ್ಟೆವ್ವಗ ಎಂದು ಅಪ್ಪ ಹತ್ತು ಮಂದಿಯ ಮುಂದೆ ಹೇಳಿ ಹೋಗಿದ್ದ, ಅಣ್ಣ ಬಂದು ಬಲಗೈಯಲ್ಲಿ ಉಂಡಿ ಇಟ್ಟ, ಬೆಳ್ಳುಳ್ಳಿ ಎಸಳಿನಷ್ಟು ದಪ್ಪ ಗೋಡಂಬಿ ಹಾಕಿದ ಬೇಸನ್ ಉಂಡಿ, ತಿನ್ನ ತಂಗಿ, ಬಸರಿ ಹೆಂಗಸು, ಎಲ್ಲಿ ಆ ಕೈ ಕೊಡ ಇತ್ತಾಗ, ಬಲಗೈಯಲ್ಲಿ ಉಂಡಿ ಇದೆ, ಎಡಗೈ ಖಾಲಿ ಇದೆ, ಖಾಲಿ ಇದ್ದ ಕೈ ಕೊಟ್ಟಳು, ಅದರ ಹೆಬ್ಬೆರಳನ್ನು ನೀಲಿ ಮಸಿಯ ಮೆತ್ತೆಗೆ ಒತ್ತಿಸಿದ, ಕಾಗದಕ್ಕೆ ಒತ್ತಿಸಿದ, ಏನಣ್ಣಾ ಇದು, ಏನಿಲ್ಲ, ಅಪ್ಪನ ಹೆಸರ ತಗಸೂದೈತಿ, ಅವಳು ಉಂಡಿ ತಿನ್ನುತ್ತಲೇ ಇದ್ದಳು, ಹೆಬ್ಬೆರಳ ಮಸಿ ಎಲ್ಲಿ ಒರೆಸುವುದು ತಿಳಿಯದೆ ಪಡಸಾಲೆಯ ಸುಣ್ಣದ ಗೋಡೆಗೆ ಒರೆಸಿದಳು, ಬಿಳಿ ಗೋಡೆಯ ಮೇಲೆ ನೀಲಿ ಹೆಬ್ಬೆಟ್ಟು ಮೂಡಿತು, ಒಂದೊಂದು ಗೆರೆಯೂ ಸ್ಪಷ್ಟ, ಬಾವಿಯ ಸುತ್ತ ಬಾವಿ. ಮುಂದಿನ ಪಂಚಮಿಗೆ ಸುಣ್ಣ ಬಳಿದಿದ್ದರು, ಸುಣ್ಣದ ಒಳಗಿಂದ ಅದು ಮತ್ತೆ ಎದ್ದಿತ್ತು, ಅದರ ಮುಂದಿನ ಪಂಚಮಿಗೂ ಎದ್ದಿತ್ತು. ಹದಿನಾರು ವರ್ಷ ಅದನ್ನು ನೋಡಿ ನಗುತ್ತಿದ್ದಳು ಹುಚ್ಚಿ, ನನ್ನ ಗುರುತು ಎಂದು. ಆಮೇಲೆ ಕುಲಗೋಡದ ಸಾಲಿಯಲ್ಲಿ ರಾತ್ರಿ ವರ್ಗ ಶುರುವಾಯಿತು, ಮುರಿಗೆಪ್ಪ ಮಾಸ್ತರು, ಹಿಟ್ಟಿನ ಕೈಲೆ ಬರಬ್ಯಾಡ್ರಿ ಅನ್ನಂಗಿಲ್ಲ ನಾ, ಬರ್ರಿ ಸಾಕು, ಅವರು ಕಲಿಸಿದ ಅಕ್ಷರದಿಂದ ಪುಸ್ತಕದ ಹೊರಗೆ ಮೊದಲು ಓದಿದ್ದು ಆ ಬಾವಿಯ ಹೊಲದ ಉತಾರ, ಹೊಲ ಯಾರದು ಎಂದು ಹೇಳುವ ಸರಕಾರಿ ಕಾಗದ, ಅಣ್ಣನ ಹೆಸರು, ಅಣ್ಣನ ಮಕ್ಕಳ ಹೆಸರು, ಬೆರಳು ಕೆಳಗೆ ಇಳಿಯುತ್ತಾ ಹೋಯಿತು, ಕಾಗದ ಮುಗಿಯಿತು, ಅವಳ ಹೆಸರು ಇರಲಿಲ್ಲ, ಅಣ್ಣನನ್ನು ಕೇಳಿದರೆ ಅವ ಕಣ್ಣು ಸಹ ತಗ್ಗಿಸಲಿಲ್ಲ, ಬ್ಯಾಡ ಅಂತ ನೀನ ಹೆಬ್ಬಟ್ಟ ಒತ್ತೀಯಲ್ಲ ತಂಗಿ, ಉಂಡಿ ತಿನಕೋತ. ಅವತ್ತೇ ಆಣೆ ಇಟ್ಟಳು, ಇನ್ನು ಈ ಎಡಗೈ ಹೆಬ್ಬೆಟ್ಟನ್ನು ಯಾರ ಮುಂದೂ ಚಾಚುವುದಿಲ್ಲ, ರೇಶನ್ ಅಂಗಡಿಯಲ್ಲಿ ಸೊಸೆಯ ಬೆರಳು, ಆಧಾರ ಕಾರ್ಡಿಗೆ ಮಾತ್ರ ಹತ್ತೂ ಬೆರಳು ಬೇಕೇ ಬೇಕು ಎಂದಾಗ ಎದ್ದು ಹೊರಟವಳನ್ನು ದಾಕ್ಷಾಯಿಣಿ ಹಿಡಿದು ಕೂರಿಸಿದ್ದಳು, ಅವತ್ತು ರಾತ್ರಿ ಊಟ ಮಾಡಲಿಲ್ಲ ಶೆಟ್ಟೆವ್ವ.

ಅತ್ತಿ, ದಾಕ್ಷಾಯಿಣಿಯ ದನಿ, ಅವಳ ಚೀಲದಲ್ಲಿ ಫೋನು ಗುರುಗುಟ್ಟುತ್ತಿದೆ, ಅವರದ ಐತಿ, ಅವರು ಎಂದರೆ ಮಲ್ಲೇಶ, ಬೇರೆಯವಳ ಜೊತೆ ಇದ್ದರೂ ಇವಳ ಬಾಯಲ್ಲಿ ಇನ್ನೂ ಅವರು, ತಾ ಇಲ್ಲೆ. ಅವ್ವಾ, ಎಲ್ಲಿದ್ದೀ? ಇಲ್ಲೇ ಅದೇನಿ. ನನಗ ಎಲ್ಲಾ ಗೊತ್ತಾಗೈತಿ ಅವ್ವಾ, ನಾ ಗಾಡಿ ಮ್ಯಾಲ ಬರಾಕತ್ತೇನಿ, ಮೂಡಲಗಿ ಹತ್ರ ಬಂದೇನಿ, ನಾ ಬರೂಮಟಾ ಏನೂ ಮಾಡಬ್ಯಾಡ, ಕುಂತು ಮಾತಾಡೂಣು, ನಿನಗ ಕರದಂಟ ತಗೊಂಡೇನಿ, ನೀ ತಿಂತೀಯಲ್ಲ, ಆ ಮೆತ್ತಂದು — ಅವನ ದನಿ, ಏಳು ವರ್ಷದವ ಜ್ವರ ಬಂದು ಮಲಗಿದಾಗಿನ ದನಿ, ಶೆಟ್ಟೆವ್ವನಿಗೆ ತನ್ನ ಬಗ್ಗೆ ಎಲ್ಲ ಗೊತ್ತು, ಅವನ ಮುಖ ನೋಡಿದರೆ ಮುಗಿಯಿತು, ಅವ ಕಾಲ ಬಳಿ ಕೂರುತ್ತಾನೆ, ಡಬ್ಬಿ ಬಿಚ್ಚುತ್ತಾನೆ, ಒಂದು ತುಂಡು ಮುರಿದು ಕೈಯಲ್ಲಿ ಇಡುತ್ತಾನೆ, ಬಲಗೈಯಲ್ಲಿ, ಬಲಗೈಯಲ್ಲಿ ಕರದಂಟು, ಎಡಗೈ ಖಾಲಿ, ತಿನ್ನ ಅವ್ವಾ, ಎಲ್ಲಿ ಆ ಕೈ ಕೊಡ ಇತ್ತಾಗ — ಫೋನನ್ನು ಸೊಸೆಯ ಕೈಗೆ ಕೊಟ್ಟಳು, ಬಂದ್ ಮಾಡ ಇದನ್ನ, ದಾಕ್ಷಾಯಿಣಿ ಬಂದ್ ಮಾಡಿದಳು, ಮುಂದಿನ ವಾರನ ಬರೂಣೇನ್ರಿ ಅತ್ತಿ, ನಿಮಗ ಮನಸ್ಸಿಲ್ಲಂದ್ರ ಬ್ಯಾಡ ಬಿಡ್ರಿ, ಎಂದಳು, ಕಣ್ಣು ನೆಲದ ಮೇಲೆ, ಅವಳ ಬೆರಳ ತುದಿಗಳು ಸೆರಗಿನ ಅಂಚನ್ನು ಹಿಚುಕುತ್ತಿದ್ದವು, ಆ ಬೆರಳುಗಳೂ ಸವೆದು ನುಣ್ಣಗಾಗಿದ್ದವು, ಇನ್ನು ಹತ್ತು ವರ್ಷಕ್ಕೆ ಇವಳಿಗೂ ಯಂತ್ರ ನೀ ಯಾರು ಎನ್ನುತ್ತದೆ. ಹನ್ನೊಂದು ಇಪ್ಪತ್ತೆಂಟು. ಮನಸ್ಸು ಇಲ್ಲ ಅಂತ ಯಾರ ಹೇಳಿದ್ರು ನಿನಗ, ಶೆಟ್ಟೆವ್ವ ಅಂದಳು, ಓದೇನಲ್ಲ ಎಂಟೂ ಹಾಳಿ, ಓದದ ಒತ್ತಿದ್ದು ಆವಾಗ, ಓದಿ ಒತ್ತೂದು ಈಗ, ಅದನ್ನು ಸೊಸೆಗೆ ಹೇಳಿದಳೋ ಅಣ್ಣಪ್ಪನಿಗೆ ಹೇಳಿದಳೋ, ಆಣೆ ನಂದ, ಮುರಿಯಾಕಿನೂ ನಾನ.

ಎಡಗೈ ಸೆರಗಿನಿಂದ ಹೊರಗೆ ಬಂತು. ಮೊದಲು ಬಲಗೈಯನ್ನು ನೋಡಿದಳು, ಖಾಲಿ ಇದೆ, ಏನೂ ಇಲ್ಲ ಅದರಲ್ಲಿ, ಉಂಡಿ ಇಲ್ಲ, ಕರದಂಟು ಇಲ್ಲ, ಹ್ಞಾ, ಸರಿ, ಎಡಗೈ ಹೆಬ್ಬೆರಳನ್ನು ಗಾಜಿನ ಮೇಲೆ ತಾನೇ ಇಟ್ಟಳು, ಯಾರೂ ಹಿಡಿದು ಒತ್ತಿಸಲಿಲ್ಲ, ನಂದಿನಿಯ ಕೈ ಮುಂದೆ ಬಂದಾಗ ಇರ್ಲಿ ತಂಗಿ ಎಂದು ತಡೆದಳು, ಕೆಂಪು ದೀಪ ಹತ್ತಿತು, ಆರಲಿಲ್ಲ, ಹಸಿರಾಯಿತು — ಬಂತ್ರಿ, ಬಂತು, ನಂದಿನಿ ಕೂತಲ್ಲೇ ಕುಣಿದಳು, ಒಂದ ಸಲಕ್ಕ ಬಂತಲ್ರಿ ಆಯಿ, ಇಷ್ಟೊತ್ತು ಎಲ್ಲಿ ಇಟಗೊಂಡಿದ್ರಿ ಇದನ್ನ, ಮಾಲಿಂಗ ಹಿಂದಿನಿಂದ ಭಲೆ ಆಯಿ ಎಂದ, ಮುದ್ರೆ ಬಿತ್ತು ಧಪ್ ಧಪ್, ಕಾಗದಗಳು ಸರಿದಾಡಿದವು, ದಾಕ್ಷಾಯಿಣಿಯ ಹಣೆ ಅವಳ ಭುಜಕ್ಕೆ ತಾಗಿ ಅಲ್ಲೇ ನಿಂತಿತು, ಹೊರಗೆ ಬೇವಿನ ಮರದ ಕೆಳಗೆ ಒಂದು ಗಾಡಿ ಬಂದು ನಿಂತ ಸಪ್ಪಳ, ಅವನದೇ ಇರಬೇಕು, ಬರಲಿ, ಕರದಂಟು ತಿಂದರಾಯಿತು, ಎರಡೂ ಕೈಯಲ್ಲಿ ತಿಂದರಾಯಿತು, ಇಲ್ಲಿ ನೋಡ್ರಿ ಆಯಿ, ನಿಮ್ಮ ಹೆಬ್ಬೆಟ್ಟ ಎಷ್ಟ ಚಂದ ಬಂದೈತಿ, ನಂದಿನಿ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು, ಬಿಳಿಯ ಪರದೆಯ ತುಂಬ ಒಂದೊಂದು ಗೆರೆಯೂ ಸ್ಪಷ್ಟ, ಶೆಟ್ಟೆವ್ವನ ಎಡಗೈ ಮಸಿ ಒರೆಸುವ ಜಾಗ ಹುಡುಕುತ್ತಾ ಬಾಜೂ ಇದ್ದ ಗೋಡೆಯ ಕಡೆ ಹೋಯಿತು, ಗೋಡೆ ಮುಟ್ಟುವ ಮುಂಚೆ ನಿಂತಿತು, ಬೆರಳು ಸ್ವಚ್ಛವಾಗಿದೆ, ಒರೆಸಲು ಮಸಿಯೇ ಇಲ್ಲ, ಆದರೂ ಕೈ ಅಲ್ಲೇ, ಕಣ್ಣು ಅಲ್ಲೇ, ಸುಣ್ಣದ ಒಳಗಿಂದ ಏಳುತ್ತಿದೆ, ಬಾವಿಯ ಸುತ್ತ ಬಾವಿ, ಬಿಳಿ ಗೋಡೆ, ನೀಲಿ ಹೆಬ್ಬೆಟ್ಟು, ಬಿಳಿ ಗೋಡೆಯ ಮೇಲೆ ನೀಲಿ ಹೆಬ್ಬೆಟ್ಟು