ಅಗಸಿಯಾಚೆಯ ಸಾಲುಮನೆಗಳು

ತಾನು ಕಟ್ಟಿದ ಕಂಪ್ಯೂಟರ್ ಆಟದ ನಕ್ಷೆಗೆ ಪೋಲೆಂಡಿನ ಆಟಗಾರನೊಬ್ಬ ಬರೆದ ಅಭಿಪ್ರಾಯವನ್ನು ಬುದ್ಧಪ್ರಿಯ ಓದಿದ್ದು ಸುರಪುರದ ತಾಲ್ಲೂಕು ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ, ಊಟದ ಡಬ್ಬಿ ಮುಚ್ಚುವ ಹೊತ್ತಿನಲ್ಲಿ. ನಕ್ಷೆ ಸುಂದರವಾಗಿದೆ, ಕಠಿಣವೂ ಆಗಿದೆ, ಆದರೆ ಒಂದು ತಪ್ಪು ಉಳಿದುಬಿಟ್ಟಿದೆ ಎಂದು ಆತ ಬರೆದಿದ್ದ. ಊರಿನ ಮನೆಗಳೆಲ್ಲ ಕೋಟೆಗೋಡೆಯ ಒಳಗಿವೆ. ಒಂದು ಸಾಲು ಮಾತ್ರ ಬಾಗಿಲಿನ ಹೊರಗೆ, ಹಳ್ಳದ ಆಚೆ ಬಿದ್ದಿದೆ. ಒಳಗೆ ಇಡಲು ಮರೆತಿರಾ?

ಬುದ್ಧಪ್ರಿಯ ಆ ಕಚೇರಿಯಲ್ಲಿ ಗುತ್ತಿಗೆ ನೌಕರ. ಪಹಣಿ ತಿದ್ದುಪಡಿಗಳನ್ನು ಕಂಪ್ಯೂಟರಿಗೆ ಏರಿಸುವುದು ಹಗಲಿನ ಕೆಲಸ. ಸಂಜೆಯ ಕೆಲಸ ಬೇರೆ. ರಾಕ್ಷಸರು, ಮಾಂತ್ರಿಕರು, ಕೋಟೆಗಳಿರುವ ಹಳೆಯ ಕಂಪ್ಯೂಟರ್ ಆಟವೊಂದಕ್ಕೆ ಅವನು ನಕ್ಷೆ ಕಟ್ಟುತ್ತಿದ್ದ. ಆಟದ ಜೊತೆ ಬಂದ ರಣರಂಗಗಳು ಬೇಸರವಾದವರು ತಮ್ಮದೇ ನಕ್ಷೆ ಮಾಡಿ ಜಾಲತಾಣದಲ್ಲಿ ಬಿಡಬಹುದು. ಬೇರೆಯವರು ಆಡಿ ನೋಡಿ ಕೆಳಗೆ ಒಪ್ಪು ತಪ್ಪು ಬರೆಯುತ್ತಾರೆ. ಬುದ್ಧಪ್ರಿಯನ ನಕ್ಷೆಯ ಹೆಸರು ‘ಬಂಡೆಕೋಟೆ’. ಸುರಪುರದ ಸುತ್ತಲಿನ ಬಂಡೆಗುಡ್ಡಗಳನ್ನೇ ಎತ್ತಿ ಇಟ್ಟಂತಿತ್ತು. ಉತ್ತರದ ಕಣಿವೆಯಿಂದ ರಾಕ್ಷಸರು ದಂಡು ಕಟ್ಟಿಕೊಂಡು ಬರುತ್ತಾರೆ. ಏಳು ದಾಳಿ ತಡೆದರೆ ಗೆಲುವು. ಹೆಚ್ಚಿನವರು ಮೂರನೆಯದಕ್ಕೇ ಮಣ್ಣು ಮುಕ್ಕುತ್ತಿದ್ದರು. ಬೈಯುತ್ತಲೇ ಮತ್ತೆ ಆಡುತ್ತಿದ್ದರು.

ಮೊದಲು ಗೆದ್ದವಳು ಸುನಿತಾ. ಶಹಾಪುರದ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸೂಗಪ್ಪನವರ ಹಿರಿಯ ಮಗಳು. ಆಟದಲ್ಲಿ ಅವಳು ತನ್ನ ಅಜ್ಜಿ ಗೊಲ್ಲಾಳಮ್ಮನ ಹೆಸರಿಟ್ಟುಕೊಂಡಿದ್ದಳು. ಆ ಹೆಸರನ್ನು ಉಚ್ಚರಿಸಲೂ ಬಾರದ ದೇಶಗಳ ಹುಡುಗರು ಅವಳು ಅಭಿಪ್ರಾಯದಲ್ಲಿ ಬರೆದ ತಂತ್ರವನ್ನು ಅಕ್ಷರಶಃ ಪಾಲಿಸುತ್ತಿದ್ದರು. ಅದನ್ನು ಬುದ್ಧಪ್ರಿಯನೇ ಎಲ್ಲರಿಗೂ ಕಾಣುವಂತೆ ನಕ್ಷೆಯ ತಲೆಯ ಮೇಲೆ ಅಂಟಿಸಿದ್ದ. ಮೊದಲ ದಾಳಿಗೆ ಒಬ್ಬ ಸೈನಿಕನನ್ನೂ ಹೊರಗೆ ಕಳಿಸಬೇಡಿ, ಬಾಗಿಲು ಮುಚ್ಚಿ ಎಂದು ಅದು ಶುರುವಾಗುತ್ತಿತ್ತು. ರಾಕ್ಷಸರು ದಾರಿಯಲ್ಲಿ ಸಿಕ್ಕ ಹೊರಗಿನ ಮನೆಗಳನ್ನು ಸುಡಲು ನಿಲ್ಲುತ್ತಾರೆ. ಆ ಮನೆಗಳಿಂದ ನಿಮಗೆ ಬಂಗಾರವೂ ಇಲ್ಲ, ಸೈನಿಕರೂ ಇಲ್ಲ, ಹೋದರೆ ಹೋಗಲಿ. ಸಾಲಿನ ಕೊನೆಯ ಮನೆಯಿಂದ ಹೊಗೆ ಎದ್ದಾಗ ನಿಮ್ಮ ಬಿಲ್ಲುಗಾರರ ಗೋಪುರ ಸಿದ್ಧವಿರಬೇಕು.

ಇಬ್ಬರ ಪರಿಚಯವಾದದ್ದು ಯಾದಗಿರಿಯ ಡಿಗ್ರಿ ಕಾಲೇಜಿನಲ್ಲಿ, ಇದೇ ಆಟದ ಮುಂದೆ. ಅವನ ಬೆನ್ನ ಹಿಂದೆ ನಿಂತು ಅವಳು ಆಡಿದ ಮೊದಲ ಮಾತು ಅವನಿಗೆ ಇನ್ನೂ ಬಾಯಿಪಾಠವಾಗಿತ್ತು.

“ಬಿಲ್ಲಿನವರನ್ನ ಮುಂದ ನಿಂದ್ರಿಸಿದಿ, ಭಲ್ಲೆದವರನ್ನ ಹಿಂದ. ಯುದ್ಧ ಮಾಡಾಕತ್ತೀಯೋ, ಫೋಟೊ ತೆಗಸಾಕತ್ತೀಯೋ?”

ಆಮೇಲೆ ಅವನು ನಕ್ಷೆ ಕಟ್ಟುವವನಾದ, ಅವಳು ಕೆಡವುವವಳಾದಳು. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಮುಲಾಜಿಲ್ಲದೆ ಹೇಳುತ್ತಿದ್ದಳು. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದು ಒಮ್ಮೆಯೂ ಅಂದವಳಲ್ಲ. ಕೋಟೆಯ ಒಡೆಯನೆಂಬಂತೆ ಅವನನ್ನು ಕಿಲ್ಲೇದಾರ ಎಂದು ಕರೆಯುತ್ತಿದ್ದಳು. ಮದುವೆಯ ಮಾತು ಯಾರು ಮೊದಲು ಎತ್ತಿದರೆಂದು ಇಬ್ಬರಿಗೂ ನೆನಪಿರಲಿಲ್ಲ. ಅದು ಆಟದ ನಡುವೆಯೇ ತೀರ್ಮಾನವಾಗಿ ಹೋಗಿತ್ತು. ಸೂಗಪ್ಪನವರಿಗೆ ಹೇಳುವ ಭಾರ ಅವಳದು. ದೀಪಾವಳಿಗೆ ಹೇಳುತ್ತೇನೆ ಎಂದಿದ್ದಳು, ಸಂಕ್ರಾಂತಿಗೆ ಎಂದಿದ್ದಳು. ಈಗ ಬರುವ ಭಾನುವಾರ ಶಹಾಪುರಕ್ಕೆ ಬಾ, ಮಾತಾಡುವುದಿದೆ ಎಂದು ಸಂದೇಶ ಕಳಿಸಿದ್ದಳು. ಹೇಳಿರಬೇಕು ಎಂದು ಅವನು ತಿಳಿದ.

ಅಂದು ಸಂಜೆ ರಂಗಂಪೇಟೆಯ ತನ್ನ ಬಾಡಿಗೆ ಕೋಣೆಯಲ್ಲಿ ಅವನು ನಕ್ಷೆ ತೆರೆದ. ಪೋಲೆಂಡಿನವನಿಗೆ ತಕ್ಕ ಉತ್ತರ ಬರೆಯಬೇಕಿತ್ತು. ಮರೆತದ್ದಲ್ಲ, ಬೇಕೆಂದೇ ಇಟ್ಟದ್ದು ಎನ್ನೋಣವೆಂದರೆ ಅದೂ ನಿಜವಲ್ಲ. ಮೊದಲು ಗೋಡೆ ಎಳೆದಿದ್ದ, ಊರಬಾಗಿಲಾಗಿ ಅಗಸಿ ಇಟ್ಟಿದ್ದ. ಒಳಗೆ ಗುಡಿ, ಬಾವಿ, ಬಜಾರು, ಓಣಿಗಳನ್ನು ಇಟ್ಟಿದ್ದ. ಕೊನೆಗೆ ಕೈ ತಾನಾಗಿಯೇ ಹಳ್ಳ ದಾಟಿ ಹೋಗಿ ಒಂದು ಸಾಲು ಸಣ್ಣ ಮನೆಗಳನ್ನೂ ಅವಕ್ಕೊಂದು ಬೇರೆ ಬಾವಿಯನ್ನೂ ಇಟ್ಟು ಬಂದಿತ್ತು. ಆಟ ಅದನ್ನು ಕೇಳಿರಲಿಲ್ಲ. ಊರು ಎಂದರೆ ಹಾಗೆ, ಅಷ್ಟೇ. ಅವನು ಕಂಡ ಯಾವ ಊರೂ ಬೇರೆ ಥರ ಇರಲಿಲ್ಲ.

ಬಳಿಚಕ್ರದ ಆಚೆಗಿರುವ ಅವನ ಊರಿನಲ್ಲಿ ಅಗಸಿಗೆ ಈಗ ಬಾಗಿಲಿಲ್ಲ. ಎರಡು ಕಲ್ಲುಕಂಬ ಮಾತ್ರ ಉಳಿದಿವೆ. ಟಂಟಂ ಗಾಡಿಗಳು ಅವುಗಳ ನಡುವೆಯೇ ನುಗ್ಗುತ್ತವೆ. ಅಗಸಿಯ ಹೊರಗೆ, ಹಳ್ಳದ ಈಚೆ ಕೇರಿ. ಅವನ ತಂದೆ ಮಹಾದೇವಪ್ಪ ಬೌದ್ಧರಾದ ವರ್ಷ ಹುಟ್ಟಿದ ಮಗನಿಗೆ ಬುದ್ಧಪ್ರಿಯ ಎಂದು ಹೆಸರಿಟ್ಟರು. ತಾಯಿ ಮರಿಲಿಂಗಮ್ಮ ದೇವರ ಜಗಲಿಯಿಂದ ಹಳೆಯ ದೇವರನ್ನು ಇಳಿಸಿ ಬುದ್ಧನ ಪಟ ಏರಿಸಿದರು. ಹೆಸರು ಬದಲಾದರೂ ಮನೆ ಹಳ್ಳದ ಈಚೆಯೇ ಉಳಿದಿತ್ತು.

ಅವನು ಮನೆಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಒಳಗಿಟ್ಟ. ಬಜಾರಿನ ಹಿಂದೆ ಜಾಗವಿತ್ತು. ಆಡಿ ನೋಡಿದ. ಸುಡಲು ದಾರಿಯಲ್ಲಿ ಏನೂ ಸಿಗದೆ ರಾಕ್ಷಸರು ನೇರ ಅಗಸಿಗೆ ಬಂದರು. ಗೋಪುರದ ಪಾಯ ಕೂಡ ಎದ್ದಿರಲಿಲ್ಲ. ಮೊದಲ ದಾಳಿಗೇ ಕೋಟೆ ಬಿತ್ತು. ಭಲ್ಲೆಯವರನ್ನು ಮುಂದಿಟ್ಟು ನೋಡಿದ, ಮಾಂತ್ರಿಕನನ್ನು ಮೊದಲೇ ಕರೆಸಿ ನೋಡಿದ, ಹಳ್ಳದಲ್ಲಿ ಹೊಂಚು ಹಾಕಿ ನೋಡಿದ. ಆ ವಾರವೆಲ್ಲ ಸೋತ. ಸುನಿತಾಳ ಕೈಗೆ ಕೊಟ್ಟರೆ ಏನಾದರೂ ದಾರಿ ಕಂಡುಕೊಟ್ಟಾಳು ಎಂಬ ಆಸೆಯಿಂದ ಹೊಸ ನಕ್ಷೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಭಾನುವಾರ ಬಸ್ ಹತ್ತಿದ.

ಶಹಾಪುರದಲ್ಲಿ ಅವರು ಸೇರುತ್ತಿದ್ದದ್ದು ಉಸ್ಮಾನಸಾಬನ ಕಂಪ್ಯೂಟರ್ ಅಂಗಡಿಯಲ್ಲಿ. ಮುಂದೆ ಜೆರಾಕ್ಸ್, ಆನ್‌ಲೈನ್ ಅರ್ಜಿ. ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಒಂದು. ಭಾನುವಾರ ಅದು ಇವರಿಗೇ ಮೀಸಲು.

“ಬರ್ರಿ ಕಿಲ್ಲೇದಾರ್ರ,” ಎಂದ ಉಸ್ಮಾನಸಾಬ. “ರಾಣಿಸಾಹೇಬ್ರು ಆಗಳೇ ಬಂದು ಕುಂತಾರ. ಮಾರಿ ನೋಡಿದ್ರ ಸೋತಂಗ ಅದ, ಆಟ ಇನ್ನಾ ಚಾಲೂನೇ ಆಗಿಲ್ಲ.”

ಸುನಿತಾ ನಕ್ಕಳು, ಆದರೆ ಅವನ ಮುಖ ನೋಡಲಿಲ್ಲ. ಮಾತಾಡುವುದಿದೆ ಅಂದಿದ್ದೆಯಲ್ಲ ಎಂದು ಕೇಳಿದ್ದಕ್ಕೆ ಮೊದಲು ನಕ್ಷೆ ತೋರಿಸು ಎಂದಳು. ಅವನಿಗೂ ಅದೇ ಬೇಕಿತ್ತು. ಇಬ್ಬರೂ ಮಾತನ್ನು ಮುಂದೂಡಿ ಪರದೆಯ ಕಡೆ ತಿರುಗಿದರು.

ಅವಳು ಎಂದಿನಂತೆ ಅಗಸಿ ಮುಚ್ಚಿ ಗೋಪುರಕ್ಕೆ ಕೈ ಹಾಕಿದಳು. ರಾಕ್ಷಸರು ನೇರ ಬಂದು ಬಾಗಿಲು ಮುರಿದರು. ಇನ್ನೊಮ್ಮೆ ಆಡಿದಳು, ಮತ್ತೆ ಮುರಿದರು. ಅವಳು ಕುರ್ಚಿ ಹಿಂದಕ್ಕೆ ಸರಿಸಿ ನಕ್ಷೆಯನ್ನು ಮೂಲೆಯಿಂದ ಮೂಲೆಗೆ ನೋಡಿದಳು.

“ಆ ಸಾಲ್ಮನಿ ಎಲ್ಲಿ ಹೋದ್ವು?”

“ಒಳಗ ತಂದೀನಿ.”

“ತಲಿ ಕೆಟ್ಟದೇನು? ಹೊರಗೇ ಇಡು ಅವನ್ನ. ಅವು ಸುಡೂತನಕ ನಮಗ ಟೈಮ್ ಸಿಗತದ. ಆ ಟೈಮಿನ ಮ್ಯಾಲೇ ಇಡೀ ಕ್ವಾಟಿ ನಿಂತದ.”

ಅವಳು ಹೇಳಿದ್ದು ಸರಿಯಿತ್ತು. ಆಟದ ಲೆಕ್ಕದಲ್ಲಿ ಅವಳ ಮಾತು ತಪ್ಪಿದ್ದೇ ಇಲ್ಲ. ಬುದ್ಧಪ್ರಿಯ ಕೋಣೆಯ ಮೂಲೆಯಲ್ಲಿ ಬಿದ್ದಿದ್ದ ಹಾಳು ಜೆರಾಕ್ಸ್ ಕಾಗದವೊಂದನ್ನು ಎಳೆದುಕೊಂಡು ಪೆನ್ನಿನಿಂದ ತನ್ನ ಊರನ್ನು ಬರೆಯತೊಡಗಿದ. ಇಷ್ಟು ವರ್ಷಗಳಲ್ಲಿ ಅವಳು ಅವನ ಊರಿಗೆ ಬಂದಿರಲಿಲ್ಲ, ಬಾ ಎಂದು ಅವನೂ ಕರೆದಿರಲಿಲ್ಲ. ಇದು ಅಗಸಿ ಎಂದ. ಇದು ಗುಡಿ, ಇದು ಗೌಡರ ಓಣಿ, ಇಲ್ಲಿ ಹಳ್ಳ. ಹಳ್ಳ ದಾಟಿ ಮೊದಲ ಮನೆಯ ಚೌಕ ಎಳೆಯುವಾಗಲೇ ಸುನಿತಾಳ ಕೈ ಮೌಸಿನ ಮೇಲಿಂದ ಜಾರಿತು. ನಕ್ಷೆ ಓದುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಸಾಲು ಮುಗಿಸುವವರೆಗೂ ಕಾಗದದಿಂದ ಕಣ್ಣು ತೆಗೆಯಲಿಲ್ಲ.

“ನಿಮ್ಮ ಮನಿ ಯಾವುದು?”

ಅವನು ಸಾಲಿನ ಕೊನೆಯ ಮನೆಯ ಮೇಲೆ ಬೆರಳಿಟ್ಟ.

ಕೊನೆಯ ಮನೆಯ ಹೊಗೆಯ ಬಗ್ಗೆ ತಾನು ಬರೆದ ಸಾಲು ಅವಳಿಗೆ ನೆನಪಾಗಿರಬೇಕು. ಬಾಯಿಗೆ ಸೆರಗು ಹಿಡಿದಂತೆ ದುಪಟ್ಟಾದ ತುದಿ ಹಿಡಿದುಕೊಂಡಳು. ನನಗ ಗೊತ್ತಿರಲಿಲ್ಲ ಎಂದಳು. ಕಟ್ಟಿದವನು ತಾನೇ ಆದರೂ ತನಗೂ ಗೊತ್ತಿರಲಿಲ್ಲ ಎಂದು ಅವನು ಹೇಳಿದ. ಇದರಲ್ಲಿ ಅವಳ ತಪ್ಪು ಇಲ್ಲವೆಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ಅದನ್ನು ಹೇಳಿ ಅವಳನ್ನು ನಗಿಸಬೇಕೆಂದೂ ಅನ್ನಿಸಿತು. ಅಷ್ಟರಲ್ಲಿ ಉಸ್ಮಾನಸಾಬ ಚಹಾ ತಂದಿಟ್ಟ. ಇಬ್ಬರ ಮುಖ ನೋಡಿ, ಬಾಯಿಗೆ ಬಂದಿದ್ದ ಚೇಷ್ಟೆಯನ್ನು ನುಂಗಿಕೊಂಡು ಹೊರಗೆ ಹೋದ.

ಚಹಾ ಮುಟ್ಟದೆ ಸುನಿತಾ ತಾನು ಕರೆದ ಕಾರಣ ಹೇಳಿದಳು. ಅಪ್ಪನಿಗೆ ಹೇಳಿಲ್ಲ. ತಂಗಿಗೆ ಯಾದಗಿರಿಯ ಕಡೆಯಿಂದ ಸಂಬಂಧ ಬಂದಿದೆ, ಮಾತು ಮುಗಿಯುವ ಹಂತದಲ್ಲಿದೆ. ಈಗ ಇದು ಕಿವಿಗೆ ಬಿದ್ದರೆ ಅವರು ಎದ್ದು ಹೋಗುತ್ತಾರೆ. ಅವಳು ಇದನ್ನೆಲ್ಲ ನೆಲ ನೋಡುತ್ತಾ, ಮನೆಯಿಂದಲೇ ಬಾಯಿಪಾಠ ಮಾಡಿ ತಂದವಳಂತೆ ಹೇಳಿದಳು.

“ತಂಗಿದು ಒಂದು ಆಗ್ಲಿ. ಅಲ್ಲೀತನಕ ನೀ ಇಲ್ಲಿ ಬರೋದು ಬ್ಯಾಡ. ನೀ ದೂರ ಇದ್ರ ನಮಗ ಸ್ವಲ್ಪ ಟೈಮ್...”

ಅಲ್ಲಿಗೇ ನಿಂತಳು. ಆಡಿದ ಮಾತು ತನ್ನ ಕಿವಿಗೇ ಕೇಳಿಸಿತ್ತು. ಪರದೆಯ ಮೇಲೆ ಕೋಟೆಯ ಮುರಿದ ಬಾಗಿಲು ಇನ್ನೂ ಹಾಗೆಯೇ ಇತ್ತು. ಬುದ್ಧಪ್ರಿಯ ಕಾಗದವನ್ನು ಮಡಚಿದ, ಮತ್ತೆ ಬಿಚ್ಚಿದ. ತಂಗಿಯದು ಆದ ಮೇಲೆ ಹೇಳುತ್ತೀಯಾ ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ, ಅವಳು ಹೌದು ಅಂದರೆ ಇನ್ನೂ ಎಷ್ಟು ಹಬ್ಬ ಬೇಕಾದರೂ ಕಾಯಲು ಅವನು ತಯಾರಿದ್ದ.

ಸುನಿತಾ ತಲೆ ಎತ್ತಿ ಅವನನ್ನು ನೋಡಿದಳು. ಒಂದು ಸುಳ್ಳು ಹೇಳಿದ್ದರೆ ಅವನು ನಂಬುತ್ತಿದ್ದ.

“ತಂಗಿದು ಆದ ಮ್ಯಾಲ ಕಾಕಾನ ಮಗಳದು ಅದ. ಆಮ್ಯಾಲ ಅಪ್ಪನ ಆರೋಗ್ಯ. ನಾ ಹೇಳಂಗಿಲ್ಲ, ಕಿಲ್ಲೇದಾರ. ಧೈರ್ಯ ಇಲ್ಲ ಅಂತ ಅಲ್ಲ... ಇಲ್ಲ, ಅದೇ. ಧೈರ್ಯ ಇಲ್ಲ.”

ಆಮೇಲೆ ಅವಳು ಅತ್ತಳು, ಸದ್ದಿಲ್ಲದೆ, ಹೊರಗೆ ಜೆರಾಕ್ಸಿಗೆ ಬಂದವರಿಗೆ ಕೇಳಿಸದ ಹಾಗೆ. ಅವನು ಅವಳ ಕಡೆಗೆ ಚಹಾದ ಕಪ್ಪು ಸರಿಸಿದ. ಅದರ ಮೇಲೆ ಕೆನೆ ಕಟ್ಟಿತ್ತು. ಏಳುವ ಮೊದಲು ಅವಳು ಮೂಗು ಒರೆಸಿಕೊಂಡು, ಹಳೆಯ ಅಭ್ಯಾಸದಂತೆ ಪರದೆಯ ಕಡೆ ತಿರುಗಿದಳು.

“ಹೊಸಾದು ಹಿಂಗೇ ಸೇವ್ ಮಾಡ್ಲೇನು?”

“ಮಾಡು.”

ಶಹಾಪುರದಿಂದ ಹೊರಡುವಾಗ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆಯ ಕಿಟಕಿಯಲ್ಲಿ ಕೂರುವುದು ಬುದ್ಧಪ್ರಿಯನ ರೂಢಿ. ಅಂದು ಆಚೆ ಬದಿಗೆ ಕೂತ. ಹತ್ತಿಗೂಡೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಯಾಕಪ್ಪಾ ಹುಷಾರಿಲ್ಲೇನು ಎಂದು ಕೇಳಿದಳು. ಬಿಸಿಲು ಎಂದ. ಮೋಡ ಕವಿದಿತ್ತು.

ಮರುದಿನ ಹೊಸ ನಕ್ಷೆಯನ್ನು ಹಳೆಯ ಹೆಸರಿನಲ್ಲೇ ಬಿಟ್ಟ. ಬೈಗುಳ ಸುರಿಯಿತು. ಗೊಲ್ಲಾಳಮ್ಮನ ತಂತ್ರ ಈಗ ಕೆಲಸಕ್ಕೆ ಬಾರದು, ನಕ್ಷೆ ಹಾಳಾಯಿತು, ಮೊದಲಿನಂತೆಯೇ ಮಾಡಿ ಎಂದು ಎಲ್ಲರೂ ಬರೆದರು. ಪೋಲೆಂಡಿನವನು ಕ್ಷಮೆ ಕೇಳಿದ. ಆ ಸಾಲುಮನೆಗಳೇ ಇಡೀ ಕೋಟೆಯನ್ನು ಕಾಯುತ್ತಿದ್ದವು ಎಂದು ತನಗೆ ಹೊಳೆದಿರಲಿಲ್ಲ, ದಯವಿಟ್ಟು ಅವನ್ನು ಮತ್ತೆ ಹೊರಗಿಡಿ ಎಂದ. ಬುದ್ಧಪ್ರಿಯ ಇಡಲಿಲ್ಲ.

ಯುಗಾದಿ ಕಳೆದ ಮೇಲೆ ಉಸ್ಮಾನಸಾಬ ಒಮ್ಮೆ ಫೋನ್ ಮಾಡಿದ. ಹಿಂದಿನ ಕಂಪ್ಯೂಟರ್ ಮಾರಬೇಕೆಂದಿದ್ದೇನೆ, ನಿಮ್ಮದು ಏನಾದರೂ ಉಳಿದಿದೆಯೇ ಎಂದು ಕೇಳಿದ. ಏನೂ ಇಲ್ಲ ಎಂದಾಗ, ಸೂಗಪ್ಪನವರ ಮನೆಯಲ್ಲಿ ಇಬ್ಬರೂ ಹುಡುಗಿಯರ ಮದುವೆ ಒಂದೇ ಹಂದರದಲ್ಲಿ ಮಾಡುತ್ತಾರಂತೆ, ಹಿರಿಯವಳಿಗೆ ತಾಳಿಕೋಟೆಯ ಕಡೆ ಗೊತ್ತಾಗಿದೆಯಂತೆ ಎಂದ. ಸುದ್ದಿ ಹೇಳಲಿಕ್ಕೆಂದೇ ಫೋನ್ ಮಾಡಿದ್ದನೆಂದು ಬುದ್ಧಪ್ರಿಯನಿಗೆ ಗೊತ್ತಾಯಿತು. ಛಲೋ ಆಯ್ತು ಎಂದ.

ಅದಾಗಿ ಕೆಲವು ದಿನಕ್ಕೆ, ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಫೋನ್ ನೋಡಿದಾಗ ನಕ್ಷೆಯ ತಲೆಯ ಮೇಲಿನ ಜಾಗ ಖಾಲಿಯಿತ್ತು. ಆ ತಂತ್ರವನ್ನು ಬರೆದವಳೇ ಅಳಿಸಿದ್ದಳು. ಕೆಳಗೆ, ಎಲ್ಲರ ನಡುವೆ, ಗೊಲ್ಲಾಳಮ್ಮನ ಹೆಸರಿನಲ್ಲಿ ಹೊಸ ಅಭಿಪ್ರಾಯವಿತ್ತು. ಹೊಸ ನಕ್ಷೆ ಆಡಿದೆ. ಬಜಾರಿನ ಚಾವಣಿಗಳ ಮೇಲೆ ಬಿಲ್ಲುಗಾರರನ್ನು ನಿಲ್ಲಿಸಿದರೆ ಗೋಪುರವಿಲ್ಲದೆಯೂ ಮೊದಲ ದಾಳಿ ತಡೆಯಬಹುದು. ಎರಡನೆಯದಕ್ಕೆ ಕೋಟೆ ಬಿತ್ತು. ಸಾಲುಮನೆಗಳು ಕೊನೆಗೆ ಬಿದ್ದವು. ಇನ್ನು ಮುಂದೆ ನನಗೆ ಆಡಲಾಗುವುದಿಲ್ಲ, ಬೇರೆ ಯಾರಾದರೂ ಇಲ್ಲಿಂದ ಮುಂದುವರಿಸಿ.

ಅವನು ಅದನ್ನು ರೊಟ್ಟಿ ಒಣಗುವವರೆಗೆ ಓದಿದ. ಅದರ ಕೆಳಗೆ ಪೋಲೆಂಡಿನವನು ಅವನನ್ನೇ ಉದ್ದೇಶಿಸಿ ಕೇಳಿದ್ದ: ಕಟ್ಟಿದವರು ನೀವು, ಹೇಳಿ, ಇದನ್ನು ಗೆಲ್ಲುವ ದಾರಿ ಇದೆಯೇ?

ಬುದ್ಧಪ್ರಿಯ ಎಡಗೈಯಲ್ಲಿ ಫೋನ್ ಹಿಡಿದು ಉತ್ತರ ಬರೆದ. ಇದೆಯೋ ಇಲ್ಲವೋ ಗೊತ್ತಿಲ್ಲ. ನಾನೂ ಗೆದ್ದಿಲ್ಲ.

ಉಳಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದ. ನಲ್ಲಿಯಲ್ಲಿ ಕೈ ತೊಳೆದ, ಆಮೇಲೆ ಮುಖ ತೊಳೆದ, ಇನ್ನೊಮ್ಮೆ ಮುಖ ತೊಳೆದ. ಒಳಗೆ ಪಹಣಿಗೆ ಬಂದ ಮಂದಿ ಕಿಟಕಿಯ ಮುಂದೆ ಸಾಲುಗಟ್ಟಿದ್ದರು. ಹೋಗಿ ಕುರ್ಚಿಯಲ್ಲಿ ಕೂತು, ಊರು ಯಾವುದು ಎಂದು ಮೊದಲನೆಯವರನ್ನು ಕೇಳಿದ.