ಅತ್ತೆ ಮಲಗಿದ ಮಧ್ಯಾಹ್ನ

ಬಸ್ಸು ತಿರುವಿನಲ್ಲಿ ಮತ್ತೆ ರಸ್ತೆಯಂಚಿನ ಕಲ್ಲಿಗೆ ತಗುಲಿತು. ಪರದೆಯ ಮೇಲಿನ ಪ್ರಯಾಣಿಕರು ಒಟ್ಟಿಗೆ ಮುಂದಕ್ಕೆ ವಾಲಿ ಒಟ್ಟಿಗೆ ಹಿಂದಕ್ಕೆ ಬಂದರು. ಅಪ್ಪ ಆಟದ ಸ್ಟೀರಿಂಗಿನಿಂದ ಬಲಗೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ.

"ನಾನಲ್ಲ," ಎಂದ. "ಅದೇ ನಿಂತು ನಿಂತು ಎಳೀತು."

"ನೋಡ್ದೆ ಅಪ್ಪಾ. ಆಟ ಬಿಕ್ಕಳಿಸ್ತಿದೆ."

ಬಿಕ್ಕಳಿಕೆ ನಿಜವೇ. ಚಿತ್ರ ಒಂದು ಕ್ಷಣ ಕಲ್ಲಾಗಿ ನಿಂತು, ತಪ್ಪಿಹೋದ ದಾರಿಯನ್ನೆಲ್ಲ ಒಂದೇ ನೆಗೆತಕ್ಕೆ ಹಾರುತ್ತಿತ್ತು. ಆದರೆ ಅಪ್ಪನಿಗೆ ಬೇಕಾಗಿದ್ದದ್ದು ಆಟವಲ್ಲ. ಆಯುಷ್ಯವೆಲ್ಲ ಬಸ್ಸು ಓಡಿಸಿದವನನ್ನು ಡಿಪೋದವರು ಮನೆಗೆ ಕಳಿಸಿದ್ದು ಡ್ರೈವರ್ ಸೀಟಿನೆದುರು ನೆಟ್ಟ ಕ್ಯಾಮೆರಾದ ಚಿತ್ರ ತೋರಿಸಿ. ಕೈ ನಡುಗುತ್ತಿದೆ ಎಂದರು. ಪಾಳಿಯ ಮೇಲೆ ಪಾಳಿ ಹೇರಿ ಆ ಕೈಯನ್ನು ಹಿಂಡಿದವರು ಯಾರೆಂದು ಕ್ಯಾಮೆರಾ ತೋರಿಸಲಿಲ್ಲ. ಅದನ್ನು ಆ ಕಡೆ ತಿರುಗಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಕೈ ಚೆನ್ನಾಗೇ ಇದೆ, ಕ್ಯಾಮೆರಾ ಸುಳ್ಳು ಹೇಳಿತು ಎಂದು ಅಪ್ಪ ಅಂದಿನಿಂದ ಹೇಳುತ್ತಲೇ ಇದ್ದ. ಈ ತಿರುವನ್ನು ಒಮ್ಮೆ ತಗುಲಿಸದೆ ದಾಟಿದರೆ ಅವನು ತನ್ನ ಮಾತನ್ನು ತಾನೇ ನಂಬಬಹುದಿತ್ತು.

ಮಗಳು ಕುರ್ಚಿ ಎಳೆದುಕೊಂಡು ಕೂತಳು. ಮುಚ್ಚಿಹೋದ ಗೇಮಿಂಗ್ ಅಂಗಡಿಯೊಂದರ ಹಳೆಯ ಭಾಗಗಳನ್ನು ತಂದು ಈ ಕಂಪ್ಯೂಟರ್ ಜೋಡಿಸಿದವಳು ಅವಳೇ. ಆಟದ ಬೆನ್ನ ಹಿಂದೆ ಸದ್ದಿಲ್ಲದೆ ಓಡುವ ಸಾಫ್ಟ್‌ವೇರುಗಳ ಒಂದು ಸಂತೆಯೇ ಅದರೊಳಗಿತ್ತು. ಒಂದೊಂದನ್ನೇ ಹಿಡಿದು ವಿಚಾರಿಸುತ್ತ ಕೂರುವವಳಲ್ಲ ಅವಳು. ಅರ್ಧವನ್ನು ನಿಲ್ಲಿಸುತ್ತಿದ್ದಳು, ಬಿಕ್ಕಳಿಕೆ ಹೋಗದಿದ್ದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ ಎಂದು ಅದರಲ್ಲಿ ಮತ್ತೆ ಅರ್ಧವನ್ನು. ಕೀಬೋರ್ಡಿನ ಬಣ್ಣದ ದೀಪ ಕುಣಿಸುವ ಸಾಫ್ಟ್‌ವೇರ್ ನಿಂತಿತು. ಹರಟೆಯದು ನಿಂತಿತು. ಹೇಳದೆ ಕೇಳದೆ ಅಪ್‌ಡೇಟ್ ಇಳಿಸಿಕೊಳ್ಳುವುದೂ ನಿಂತಿತು. ಬಸ್ಸು ಬಿಕ್ಕಳಿಸುತ್ತಲೇ ಇತ್ತು.

"ಇನ್ನೆಷ್ಟಿವೆ?" ಅಪ್ಪ ಕೇಳಿದ.

"ಒಂದೇ." ಅವಳು ಮೌಸಿನಿಂದ ಕೈ ತೆಗೆದಳು. "ಅತ್ತೆ."

ಅತ್ತೆ ಎಂದರೆ ಅವಳ ಕಂಪನಿಯ ಕಾವಲು ಸಾಫ್ಟ್‌ವೇರ್. ಗಿರಾಕಿಗಳ ದೂರುಗಳಿಗೆ ಮನೆಯಿಂದಲೇ ಉತ್ತರ ಬರೆಯುವ ಹೆಂಗಸರೆಲ್ಲ ಸೇರಿ ಇಟ್ಟ ಹೆಸರು. ಕಂಪನಿ ಕಂಪ್ಯೂಟರ್ ಕೊಟ್ಟಿರಲಿಲ್ಲ, ಮೇಜು ಕೊಟ್ಟಿರಲಿಲ್ಲ, ಅತ್ತೆಯನ್ನು ಮಾತ್ರ ಕೊಟ್ಟಿತ್ತು. ಆಗಾಗ ಪರದೆಯ ಚಿತ್ರ ತೆಗೆದು ಕಳಿಸುವುದು ಅದರ ಕೆಲಸ. ಪಾಳಿ ಮುಗಿದ ಮೇಲೂ ತೆಗೆಯುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ಈಗ, ಭಾನುವಾರದ ಮಧ್ಯಾಹ್ನ. ಅದು ಚಿತ್ರ ತೆಗೆದಾಗಲೆಲ್ಲ ಅಪ್ಪನ ಬಸ್ಸು ನಿಲ್ಲುತ್ತಿತ್ತು. ಎಲ್ಲೋ ಕೂತವರು ರಜೆಯ ದಿನ ಅವಳ ಮನೆಯೊಳಗೆ ಇಣುಕುತ್ತಿದ್ದರು.

"ಮದುವೆಗೆ ಮುಂಚೆನೇ ಬಂದು ವಕ್ಕರಿಸಿದಾಳೆ ನಿಮ್ಮತ್ತೆ," ಎಂದ ಅಪ್ಪ. ಆಮೇಲೆ, "ಬೇಡ ಬಿಡು ಮಗಾ. ಅದನ್ನ ಮುಟ್ಟಿದ್ರೆ ಕೆಲಸದಿಂದ ತೆಗೀತಾರೆ ಅಂದಿದ್ದೆಯಲ್ಲ."

ಮನೆ ನಡೆಯುತ್ತಿದ್ದದ್ದು ಆ ಕೆಲಸದ ಮೇಲೆ. ಅವಳು ತೊಡೆಯ ಕೆಳಗೆ ಅಡಗಿದ ಕೈಯನ್ನು ನೋಡಿದಳು.

"ಕೈ ತೆಗಿ ಅಪ್ಪಾ. ಸ್ಟೀರಿಂಗ್ ಹಿಡಿ," ಎಂದು ಅತ್ತೆಯನ್ನು ನಿಲ್ಲಿಸಿದಳು.

ಬಸ್ಸು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಅಪ್ಪನ ಬೆನ್ನು ನೆಟ್ಟಗಾಯಿತು. ಮೊದಲ ನಿಲ್ದಾಣದಲ್ಲಿ ಜನ ಹತ್ತಿದರು. ಎರಡನೆಯದಕ್ಕೆ ಬರುವಷ್ಟರಲ್ಲಿ ಫೋನ್ ಬಂತು. ಅವಳು ಹಿಂದಕ್ಕೆ ಸರಿದು ಬಾಗಿಲಿಗೊರಗಿ ನಿಂತಳು. ಅವಳ ಮೇಲ್ವಿಚಾರಕ.

"ಏನಮ್ಮಾ, ನಿಮ್ಮ ಸಿಸ್ಟಮ್ ಕಾಣಿಸ್ತಿಲ್ವಲ್ಲ?"

"ಇವತ್ತು ಭಾನುವಾರ ಸಾರ್."

"ಸಿಸ್ಟಮ್‌ಗೆ ಭಾನುವಾರ ಇಲ್ಲಮ್ಮಾ."

"ನನಗಿದೆ. ನಮ್ಮ ಮನೇಲಿ ನಾನು, ನಮ್ಮಪ್ಪ ಏನು ಮಾಡ್ತೀವಿ ಅಂತ ನಿಮಗ್ಯಾಕೆ? ನಾಳೆ ಪಾಳಿಗೆ ಹಾಕ್ತೀನಿ. ಅಲ್ಲಿವರೆಗೂ ಹಾಕಲ್ಲ."

"ಸಂಜೆಯೊಳಗೆ ಹಾಕದಿದ್ರೆ ನಾಳೆ ಪಾಳಿನೇ ಇರಲ್ಲ. ಯೋಚನೆ ಮಾಡಿ."

ಅವಳೇ ಫೋನ್ ಕಟ್ ಮಾಡಿದಳು. ಸೋಮವಾರದ ಜಗಳಕ್ಕೆ ಬೇಕಾದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಉಳಿದ ಹೆಂಗಸರಿಗೂ ಇದನ್ನು ಹೇಳಬೇಕು, ಎಲ್ಲರೂ ಒಟ್ಟಿಗೆ ಅತ್ತೆಯನ್ನು ಮಲಗಿಸಬೇಕು ಎಂದುಕೊಳ್ಳುತ್ತ ತಲೆಯೆತ್ತಿದಳು.

ಬಸ್ಸು ತಿರುವಿಗೆ ಬಂದಿತ್ತು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಅಪ್ಪನ ಬಲಗೈ ಮಾತ್ರ, ಯಾರೋ ಒಳಗಿನಿಂದ ತಟ್ಟಿದ ಹಾಗೆ, ಸ್ಟೀರಿಂಗಿನ ಮೇಲೆ ಅದುರಿ ಜಾರಿತು. ಬಸ್ಸು ನಿಧಾನವಾಗಿ, ಅವಳು ನೋಡುತ್ತಿರುವಂತೆಯೇ, ಕಲ್ಲಿಗೆ ತಗುಲಿತು.

ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

"ಎಬ್ಬಿಸು ನಿಮ್ಮತ್ತೇನ," ಎಂದ ಅಪ್ಪ, ಪರದೆಯಿಂದ ಕಣ್ಣು ತೆಗೆಯದೆ.

"ಎಬ್ಬಿಸಲ್ಲ. ಫೋನ್ ಮಾಡಿದವರಿಗೂ ಹೇಳಾಯ್ತು."

"ಕೆಲಸ ಹೋಗುತ್ತೆ ಅಂತಲ್ಲ ಮಗಾ." ಅವನು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದ. "ಅದು ಇರಲಿ. ಅದಿದ್ರೇನೇ ಒಳ್ಳೇದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ನಾಲಿಗೆಯ ತುದಿಯ ಮಾತನ್ನೆಲ್ಲ ನುಂಗಿಕೊಂಡು ಮೌಸ್ ಹಿಡಿದು ಅತ್ತೆಯನ್ನು ಎಬ್ಬಿಸಿದಳು. ಗದರಿಕೆ ಫಲಿಸಿತೆಂದು ಮೇಲ್ವಿಚಾರಕ ಬೀಗುತ್ತಾನೆ. ಅವನಿಗೆ ಏನು ಗೊತ್ತು.

ಅಪ್ಪ ಮತ್ತೆ ಮೊದಲ ನಿಲ್ದಾಣದಿಂದ ಹೊರಟ. ದಾರಿಯುದ್ದಕ್ಕೂ ಬಸ್ಸು ಬಿಕ್ಕಳಿಸಿತು. ತಿರುವಿನಲ್ಲಿ ಕಲ್ಲಿಗೆ ತಗುಲಿದಾಗ ಅವನು ಉಸಿರು ಬಿಟ್ಟು, ಗೆದ್ದವನ ಹಾಗೆ ಅವಳತ್ತ ತಿರುಗಿದ.

"ನೋಡ್ದ್ಯಾ? ಹಾಳು ಮುದುಕಿ, ಸರಿಯಾಗಿ ಅಲ್ಲಿಗೇ ಬಂದು ಎಳೀತಾಳೆ."

"ನೋಡ್ದೆ ಅಪ್ಪಾ," ಎಂದಳು ಅವಳು. "ಅವಳದ್ದೇ ಕೆಲಸ."